ಯೋಚಿಯೆನ್‌ಗೆ ಹೋಗುವ ಮಗಳಿಗೆ ಮುದ್ದಾದ ಸಸ್ಯಾಹಾರಿ ಬೆಂಟೊ ಕಟ್ಟುವುದು ಹೇಗೆ?

ಮಲೆನಾಡ ಮಗಳು (ಟೋಕಿಯೋ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ನಮ್ಮ ಯಜಮಾನರ ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಟೋಕಿಯೋದಲ್ಲಿದ್ದೇವೆ. ಮೂರೂವರೆ ವರ್ಷದ ಮಗಳು ಬರುವ ಏಪ್ರಿಲ್‌ನಲ್ಲಿ ಯೋಚಿಯೆನ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಸೇರುತ್ತಾಳೆ. ಅಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ಬೆಂಟೊ, ಅಂದರೆ ಊಟದ ಡಬ್ಬಿ, ತರಬೇಕೆಂಬ ನಿಯಮವಿದ್ದರೂ, ಉಳಿದ ದಿನಗಳ ಊಟದಲ್ಲಿ ಸಾರಿನಿಂದ ಹಿಡಿದು ಪಲ್ಯದವರೆಗೆ ಮೀನಿನ ರಸ ಸೇರಿರುವುದರಿಂದ, ಶಿಕ್ಷಕಿಯರ ಒಪ್ಪಿಗೆ ಪಡೆದು ಐದೂ ದಿನ ನಾನೇ ಕಟ್ಟಿಕೊಡುವುದೆಂದು ತೀರ್ಮಾನಿಸಿದ್ದೇವೆ. ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಬಳಸುವುದಿಲ್ಲ.

ಕಳೆದ ತಿಂಗಳು ಹೊಸ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಕರೆಸಿಕೊಂಡಿದ್ದರು. ಅಂದು ನಾನು ಚಪಾತಿ, ಹುರುಳಿಕಾಯಿ ಪಲ್ಯ ಮತ್ತು ಸ್ವಲ್ಪ ಚಿತ್ರಾನ್ನ ಕಳಿಸಿದ್ದೆ. ಡಬ್ಬಿ ಹೆಚ್ಚುಕಡಿಮೆ ಹೋದ ಹಾಗೆಯೇ ವಾಪಸ್ಸು ಬಂತು. ಚಿತ್ರಾನ್ನ ಫೋರ್ಕಿನಿಂದ ಉದುರಿ ಲಂಗದ ತುಂಬ ಅರಿಸಿನದ ಕಲೆಯಾಗಿತ್ತು. ಪಕ್ಕದ ಮಗುವಿನ ಡಬ್ಬಿಯಲ್ಲಿ ಅನ್ನದ ಕರಡಿಯೊಂದು ಹೊದಿಕೆ ಹೊದ್ದು ಮಲಗಿತ್ತಂತೆ. "ಅಮ್ಮಾ, ನನ್ನ ಅನ್ನಕ್ಕೆ ಮುಖಾನೇ ಇರಲಿಲ್ಲ" ಎಂದು ಮನೆಗೆ ಬಂದು ಹೇಳಿದಳು. ಅಳಲಿಲ್ಲ, ಸುಮ್ಮನೆ ಹೇಳಿದಳು. ಅದೇ ನನಗೆ ಹೆಚ್ಚು ನೋವಾಯಿತು.

ಇಲ್ಲಿನವರು ಕ್ಯಾರಾಬೆನ್ ಎಂದು ಕರೆಯುವ ಈ ಗೊಂಬೆಮುಖದ ಬೆಂಟೊಗಳ ವಿಧಾನಗಳನ್ನು ಹುಡುಕಿದರೆ, ಪ್ರತಿಯೊಂದರಲ್ಲೂ ಮೊಟ್ಟೆಯ ಸುರುಳಿ, ಸಾಸೇಜು ಅಥವಾ ಮೀನು ಕಾಣಿಸುತ್ತದೆ. ಅವುಗಳ ಬದಲಿಗೆ ನಮ್ಮ ಅಡುಗೆಯಲ್ಲಿ ಏನನ್ನು ಬಳಸಬಹುದು, ಕೊಳ್ಳುವ ಸಾಮಾನುಗಳಲ್ಲಿ ಯಾವುದರ ಬಗ್ಗೆ ಎಚ್ಚರವಾಗಿರಬೇಕು, ಬೆಳಿಗ್ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಪಡ್ಡಿನ ಹೆಂಚು (ನಿಶಿಕಸಾಯಿ) ಉತ್ತರಿಸಿದ್ದು

ನಮಸ್ಕಾರ. ನನ್ನ ಇಬ್ಬರು ಮಕ್ಕಳೂ ಇಲ್ಲಿಯೇ ಯೋಚಿಯೆನ್ ಮುಗಿಸಿದರು, ಆದ್ದರಿಂದ ಐದು ವರ್ಷ ಬೆಂಟೊ ಕಟ್ಟಿದ ಅನುಭವದಿಂದ ಬರೆಯುತ್ತಿದ್ದೇನೆ. ಮುಖ ಮಾಡುವುದು ಕಲಿತರೆ ಬರುತ್ತದೆ. ನಿಜವಾಗಿ ಕಷ್ಟ ಕೊಡುವುದು ಕಣ್ಣಿಗೆ ಕಾಣದ ಮೀನು. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಅನ್ನದ ಮೇಲೆ ಉದುರಿಸುವ ಫುರಿಕಾಕೆ ಪುಡಿಗಳಲ್ಲಿ ಬಹುಪಾಲು ಕತ್ಸುವೊ ಎಂಬ ಒಣಮೀನಿನಿಂದ ಆದವು. ಗುಲಾಬಿ ಬಣ್ಣಕ್ಕೆಂದು ಎಲ್ಲರೂ ಬಳಸುವ ಸಕುರಾ ಡೆನ್ಬು ನೋಡಲು ಸಕ್ಕರೆಪುಡಿಯಂತಿದ್ದರೂ ಅದು ಬಿಳಿ ಮೀನಿನ ಪುಡಿ. ನಾನು ಗೊತ್ತಿಲ್ಲದೆ ಒಮ್ಮೆ ಕೊಂಡು, ಮನೆಗೆ ಬಂದು ಚೀಟಿ ಓದಿದ ಮೇಲೆ ಎಸೆದಿದ್ದೇನೆ. ಗುಲಾಬಿ ಅಂಚಿನ ಕಾಮಾಬೊಕೊ ಕೂಡ ಮೀನೇ. ಅನ್ನ ತುಂಬಲು ಸಿದ್ಧವಾಗಿ ಸಿಗುವ, ಕರಿದ ತೋಫುವಿನ ಇನಾರಿ ಚೀಲಗಳು ಮತ್ತು ನೂಡಲ್ಸಿನ ತ್ಸುಯು ರಸಗಳಲ್ಲಿ ಸಾಮಾನ್ಯವಾಗಿ ಕತ್ಸುವೊ ರಸವಿರುತ್ತದೆ, ಸೂಪಿನ ಕನ್ಸೊಮೆ ಬಿಲ್ಲೆಗಳಲ್ಲಿ ಮಾಂಸದ ಸಾರವಿರುತ್ತದೆ. ಸಾದಾ ಶೋಯು, ಅಂದರೆ ಸೋಯಾ ಸಾಸ್, ಆಗಬಹುದು, ಸಾಮಾನ್ಯವಾಗಿ ಮೀನಿನ ರಸ ಬೆರೆತಿರುವ "ದಾಶಿ ಶೋಯು" ಆಗದು. ರಸ ಬೇಕೆನಿಸಿದಾಗ 1 ಲೀಟರ್ ನೀರಿಗೆ ಸುಮಾರು 10 ಗ್ರಾಂ ಕೊಂಬು ಎಂಬ ಕಡಲಪಾಚಿಯನ್ನು ಹಾಕಿ ಇಡೀ ರಾತ್ರಿ ಫ್ರಿಜ್ಜಿನಲ್ಲಿ ನೆನೆಸಿಡಿ. ಬೌದ್ಧ ದೇವಾಲಯಗಳ ಶೋಜಿನ್ ಅಡುಗೆಯಲ್ಲಿ ಮೀನಿನ ಬದಲು ಕೊಂಬು ಮತ್ತು ಒಣ ಶಿಟಾಕೆ ಅಣಬೆಯ ರಸವನ್ನೇ ಬಳಸುತ್ತಾರೆ. ಜಪಾನಿನಲ್ಲಿ ಸಸ್ಯಾಹಾರಕ್ಕೆ ಹೊರಗಿನವರ ಊಟವೆಂಬ ಹಣೆಪಟ್ಟಿ ಬೇಕಿಲ್ಲವೆಂದು ಮಗಳ ಶಿಕ್ಷಕಿಗೆ ನಾನು ತಿಳಿಹೇಳಿದ್ದು ಇದರಿಂದಲೇ.

ಇನ್ನು ಅನ್ನ. ಸೋನಾ ಮಸೂರಿ ಉದುರುದುರಾಗಿ ಆಗಬೇಕಾದ ಅಕ್ಕಿ, ಅದರಿಂದ ಗೊಂಬೆ ನಿಲ್ಲುವುದಿಲ್ಲ. ಬೆಂಟೊಗೆ ಇಲ್ಲಿನ ಗಿಡ್ಡಕಾಳಿನ ಅಕ್ಕಿಯನ್ನೇ ಮಾಡಿ, ಬಿಸಿ ಇರುವಾಗಲೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೈಯಿಂದ ಒತ್ತಿ ಉಂಡೆ ಮಾಡಿ. ನಿಮ್ಮ ಚಿತ್ರಾನ್ನವನ್ನೂ ಈ ಅಕ್ಕಿಯಲ್ಲೇ, ಎಣ್ಣೆ ಕಡಿಮೆ ಮಾಡಿ ಕಲಸಿದರೆ ಹಳದಿ ಕೋಳಿಮರಿಯಾಗುತ್ತದೆ: ಕಣ್ಣಿಗೆ ಎರಡು ಕಪ್ಪು ಎಳ್ಳು, ಕೊಕ್ಕಿಗೆ ಬೇಯಿಸಿದ ಕ್ಯಾರೆಟ್ಟಿನ ಸಣ್ಣ ತ್ರಿಕೋನ. ಎಳ್ಳನ್ನು ಬೆರಳಿನಿಂದ ಇಡಲು ಹೋದರೆ ಮುಖ ಕೆಡುತ್ತದೆ, ಚಿಮುಟ ಬೇಕು. ಕಣ್ಣಿಗೆ ಲವಂಗವನ್ನಾಗಲಿ ಮೆಣಸಿನಕಾಳನ್ನಾಗಲಿ ಖಂಡಿತ ಇಡಬೇಡಿ. ನೋರಿ ಎಂಬ ಒಣ ಕಡಲಪಾಚಿಯ ಹಾಳೆಯನ್ನು ನೇರವಾಗಿ ಅನ್ನಕ್ಕೆ ಅಂಟಿಸಿದರೆ ತೇವ ಹೀರಿ ಮಧ್ಯಾಹ್ನದ ಹೊತ್ತಿಗೆ ಸುಕ್ಕಾಗಿ, ನಗುತ್ತಿದ್ದ ಬಾಯಿ ಸೊಟ್ಟಗಾಗಿರುತ್ತದೆ. ಮೊದಲು ಚೀಸ್ ಹಾಳೆಯ ಮೇಲೆ ನೋರಿ ಅಂಟಿಸಿ, ಆಮೇಲೆ ಕತ್ತರಿಸಿ ಇಟ್ಟರೆ ಆಕಾರ ಉಳಿಯುತ್ತದೆ.

ನಿಮ್ಮ ಮಗಳು ಕೇಳಿದ ಕರಡಿಗೆ ಪಡ್ಡಿಗಿಂತ ಒಳ್ಳೆಯ ತಲೆ ಬೇರೊಂದಿಲ್ಲ. ದೋಸೆಹಿಟ್ಟಿಗೆ ಒಂದು ಚಮಚ ರಾಗಿಹಿಟ್ಟು ಬೆರೆಸಿದರೆ ಕರಡಿಯ ಕಂದು ಬಣ್ಣ ತಾನಾಗಿಯೇ ಬರುತ್ತದೆ. ಬೇಯಿಸಿದ ಕ್ಯಾರೆಟ್ಟಿನ ಎರಡು ಅರ್ಧಚಂದ್ರಗಳು ಕಿವಿಗಳಾಗುತ್ತವೆ. ಕಿವಿ ನಿಲ್ಲಿಸಲು ಹಲ್ಲುಕಡ್ಡಿ ಚುಚ್ಚಬಾರದು. ಬೇಯಿಸದ ಸ್ಪಾಗೆಟ್ಟಿಯ ಒಂದು ಸೆಂಟಿಮೀಟರ್ ತುಂಡನ್ನು ಚುಚ್ಚಿ. ಊಟದ ಹೊತ್ತಿಗೆ ಅದು ಪಡ್ಡಿನ ತೇವ ಹೀರಿ ಮೆತ್ತಗಾಗಿರುತ್ತದೆ, ಮಗು ಅದನ್ನೂ ಸೇರಿಸಿ ತಿಂದುಬಿಡುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಪಕ್ಕದ ಮನೆಯ ಜಪಾನಿ ಅಜ್ಜಿ.

ಮೊಟ್ಟೆ ಸುರುಳಿಯ ಜಾಗಕ್ಕೆ ಕಡಲೆಹಿಟ್ಟು. ಅರ್ಧ ಲೋಟ ಹಿಟ್ಟಿಗೆ ಒಂದು ದೊಡ್ಡ ಚಮಚ ಮೊಸರು, ಚಿಟಿಕೆ ಅರಿಸಿನ, ಉಪ್ಪು ಹಾಕಿ ನೀರುದೋಸೆಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ. ತಮಾಗೊಯಾಕಿ ಎಂಬ ಮೊಟ್ಟೆ ಸುರುಳಿ ಮಾಡುವ ಚೌಕದ ಬಾಣಲೆಯಲ್ಲಿ ತೆಳ್ಳಗೆ ಹರಡಿ, ಹಸಿ ಹೋದ ಕೂಡಲೇ, ಒಣಗುವ ಮೊದಲೇ, ಸುತ್ತಿಕೊಂಡು ಬನ್ನಿ, ಒಣಗಿದರೆ ಬಿರಿಯುತ್ತದೆ. ಆರಿದ ಸುರುಳಿಯಿಂದ ಎರಡು ಬೆರಳಗಲದ ತುಂಡು ತೆಗೆದು, ಓರೆಯಾಗಿ ಕತ್ತರಿಸಿ, ಒಂದು ಅರ್ಧವನ್ನು ತಿರುಗಿಸಿ ಇನ್ನೊಂದಕ್ಕೆ ಜೋಡಿಸಿದರೆ ಹೃದಯದ ಆಕಾರ. ನನ್ನ ಮಗಳು ಆರು ತಿಂಗಳು ಇದನ್ನು ದಿನವೂ ಕೇಳುತ್ತಿದ್ದಳು.

ಬೇಳೆಯ ಸತ್ವಕ್ಕೆ ನುಚ್ಚಿನುಂಡೆ. ಸಬ್ಬಸಿಗೆ ಸೊಪ್ಪು ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಡಿಲ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಭಾನುವಾರ ಉಗಿಯಲ್ಲಿ ಬೇಯಿಸಿ ಫ್ರೀಜರಿನಲ್ಲಿಟ್ಟರೆ ವಾರವಿಡೀ ಬಳಸಬಹುದು. ಬೆಳಿಗ್ಗೆ ಪೂರ್ತಿ ಬಿಸಿ ಮಾಡಿ, ಆರಿಸಿ ಡಬ್ಬಿಗೆ ಹಾಕಿ. ಅದರ ಉದ್ದುದ್ದನೆಯ ಆಕಾರ ಮೊಲದ ಮೈಯಂತೆಯೇ ಇರುತ್ತದೆ.

ಅಪ್ಪನ ಡಬ್ಬಿ (ಯೊಕೊಹಾಮಾ) ಉತ್ತರಿಸಿದ್ದು

ನಮ್ಮ ಮನೆಯಲ್ಲಿ ಬೆಂಟೊ ಕಟ್ಟುವುದು ನನ್ನ ಪಾಲಿನ ಕೆಲಸ, ಆದ್ದರಿಂದ ಸಮಯದ ಬಗ್ಗೆ ಮಾತ್ರ ಬರೆಯುತ್ತೇನೆ. ಬೆಳಿಗ್ಗೆ 25 ನಿಮಿಷ ಸಾಕು, ಆದರೆ ಹಿಂದಿನ ರಾತ್ರಿ 15 ನಿಮಿಷ ಕೊಡಬೇಕು. ತರಕಾರಿ ಹೆಚ್ಚುವುದು, ಹಿಟ್ಟು ಕಲಸಿಡುವುದು, ನೋರಿಯಿಂದ ಕಣ್ಣು-ಬಾಯಿಗಳನ್ನು ಕತ್ತರಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ರಾತ್ರಿಯೇ ಆಗಲಿ. ಮುಖ ಕತ್ತರಿಸುವ ನೋರಿ ಪಂಚ್, ಸಿಲಿಕೋನ್ ಬಟ್ಟಲು, ಹೂವಿನ ಅಚ್ಚು ಇವೆಲ್ಲ ಡೈಸೊ ಅಥವಾ ಸೇರಿಯಾದಂತಹ ನೂರು ಯೆನ್ ಅಂಗಡಿಗಳಲ್ಲಿ ತೆರಿಗೆ ಸೇರಿ ತಲಾ 110 ಯೆನ್‌ಗೆ ಸಿಗುತ್ತವೆ, ದುಬಾರಿಯವು ಬೇಕಿಲ್ಲ. ಅರಿಸಿನದಿಂದ ಹಳದಿಯಾದ ಬಟ್ಟಲುಗಳನ್ನು ತೊಳೆದು ಒಂದು ದಿನ ಬಿಸಿಲಿನಲ್ಲಿಟ್ಟರೆ ಕಲೆ ಬಹುಮಟ್ಟಿಗೆ ಹೋಗುತ್ತದೆ.

ಒಂದು ಡಬ್ಬಿಗೆ ಒಂದೇ ಮುಖ ಎಂಬ ನಿಯಮವನ್ನು ನಾನು ಪಾಲಿಸುತ್ತೇನೆ. ಉಳಿದದ್ದು ಬಣ್ಣ ಮಾತ್ರ: ಬಟಾಣಿಯ ಹಸಿರು, ಬೀಟ್‌ರೂಟ್ ನೀರು ಬೆರೆತ ಅನ್ನದ ಗುಲಾಬಿ, ಕುಂಬಳದ ಕಿತ್ತಳೆ. ಮೂರೂವರೆ ವರ್ಷಕ್ಕೆ 280 ಮಿಲಿಲೀಟರಿನ ಡಬ್ಬಿ ಸಾಕು. ಮೊದಲ ತಿಂಗಳು ಅವಳು ಮನೆಯಲ್ಲಿ ತಿನ್ನುವುದಕ್ಕಿಂತ ಸ್ವಲ್ಪ ಕಡಿಮೆಯೇ ಹಾಕಿ. ಖಾಲಿ ಡಬ್ಬಿಯನ್ನು ಶಿಕ್ಷಕಿಗೆ ತೋರಿಸುವ ಸಂತೋಷ ಮಗುವಿಗೆ ಮುಖದ ಗೊಂಬೆಗಿಂತ ದೊಡ್ಡದು.

ಉಪ್ಪು ಹುಳಿ (ಒಸಾಕಾ) ಉತ್ತರಿಸಿದ್ದು

ನಾನು ಆಹಾರ ತಯಾರಿಕೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವವಳು. ಅಂದಚಂದದ ಮಾತಿನ ನಡುವೆ ಸುರಕ್ಷತೆಯನ್ನು ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಚಿತ್ರಾನ್ನದ ಕಡಲೆಕಾಯಿ ಬೀಜವನ್ನು ಮಗುವಿನ ಬೆಂಟೊದಿಂದ ಪೂರ್ತಿ ತೆಗೆದುಬಿಡಿ. ಗಟ್ಟಿಯಾದ ಕಾಳು ಮತ್ತು ಬೀಜಗಳು ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ 5 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅವುಗಳನ್ನು ಕೊಡಬಾರದೆಂದು ಜಪಾನಿನ ಗ್ರಾಹಕ ವ್ಯವಹಾರಗಳ ಇಲಾಖೆ 2021ರಲ್ಲಿ ಎಚ್ಚರಿಸಿದೆ. ಒಗ್ಗರಣೆಯ ಕಡಲೆಬೇಳೆಗೂ ಅದೇ ಮಾತು ಅನ್ವಯಿಸುತ್ತದೆ. ಚೆರ್ರಿ ಟೊಮೆಟೊ ಮತ್ತು ದ್ರಾಕ್ಷಿ ದುಂಡಗೆ ಮುದ್ದಾಗಿ ಕಾಣುತ್ತವೆಯೆಂದು ಇಡಿಯಾಗಿ ಇಡಬೇಡಿ, ನಾಲ್ಕು ಸೀಳು ಮಾಡಿ. ಪಡ್ಡನ್ನು ಕೂಡ ಮೊದಲೇ ಅಡಿಭಾಗದಿಂದ ಎರಡಾಗಿ ಸೀಳಿ, ಮುಖ ಕೆಡದಂತೆ ಜೋಡಿಸಿ ಇಡಬಹುದು.

ಬಿಸಿ ಅನ್ನಕ್ಕೆ ಮುಚ್ಚಳ ಹಾಕಿದರೆ ಒಳಗೆ ಹಬೆ ನೀರಾಗಿ ಇಳಿದು ಅನ್ನ ಬೇಗ ಹಳಸುತ್ತದೆ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ, ಬೀಸಿ, ಪೂರ್ತಿ ಆರಿದ ಮೇಲೆಯೇ ಮುಚ್ಚಿ. ಜೂನ್‌ನಿಂದ ಜುಲೈ ಮಧ್ಯದವರೆಗಿನ ಇಲ್ಲಿನ ಮಳೆಗಾಲದಲ್ಲಿ ಹಾಗೂ ಬೇಸಿಗೆಯಲ್ಲಿ ಮುಚ್ಚಳದ ಮೇಲೆ ಮಂಜಿನ ಚೀಲ ಇಡಲೇಬೇಕು. ಅನ್ನವನ್ನು ಬರಿಗೈಯಿಂದ ಮುಟ್ಟದಿರುವುದು, ಪಲ್ಯದ ನೀರು ಪೂರ್ತಿ ಆರುವಂತೆ ಹುರಿಯುವುದು, ಇಂತಹ ಸಣ್ಣ ಜಾಗ್ರತೆಗಳಿಂದಲೇ ಡಬ್ಬಿ ಮಧ್ಯಾಹ್ನದವರೆಗೆ ಚೆನ್ನಾಗಿರುತ್ತದೆ. ಬಣ್ಣದ ಚುಚ್ಚುಗಡ್ಡಿಗಳಿಗೆ ಅನುಮತಿ ಇದೆಯೇ ಎಂದು ಶಾಲೆಯಲ್ಲಿ ಮೊದಲೇ ಕೇಳಿ. ಕೆಲವು ಕಡೆ ಬೇಡವೆನ್ನುತ್ತಾರೆ. ತೆಂಗಿನಕಾಯಿ ಚಟ್ನಿಯನ್ನು ಬೇಸಿಗೆಯಲ್ಲಿ ಕಳಿಸಬೇಡಿ.

ಹಿತ್ತಲ ಗಿಡ (ಮೈಸೂರು) ಉತ್ತರಿಸಿದ್ದು

ನನ್ನ ಮೊಮ್ಮಗ ನಾಗೋಯಾದಲ್ಲಿದ್ದಾನೆ. ಕಳೆದ ವರ್ಷ ಮೂರು ತಿಂಗಳು ಅಲ್ಲಿದ್ದಾಗ ಸೇಬಿನ ಮೊಲ ಮಾಡುವುದನ್ನು ಸೊಸೆಯಿಂದ ಕಲಿತೆ. ಸೇಬನ್ನು ಎಂಟು ಹೋಳು ಮಾಡಿ, ಬೀಜದ ಭಾಗ ತೆಗೆದು, ಸಿಪ್ಪೆಯ ಮೇಲೆ ಚೂರಿಯಿಂದ ಬಾಣದ ತುದಿಯಂತೆ ಎರಡು ಗೆರೆ ಕೊಯ್ದು, ಗೆರೆಗಳು ಅಗಲವಾಗಿ ತೆರೆದಿರುವ ಕಡೆಯಿಂದ ಸಿಪ್ಪೆ ಬಿಡಿಸುತ್ತಾ ಅರ್ಧಕ್ಕೆ ನಿಲ್ಲಿಸಬೇಕು. ನಡುವಿನ ಸಿಪ್ಪೆ ಕಳಚಿ ಬರುತ್ತದೆ, ಎರಡು ಕೆಂಪು ಕಿವಿಗಳು ಉಳಿಯುತ್ತವೆ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ಐದು ನಿಮಿಷ ಬಿಟ್ಟರೆ ಸೇಬು ಕಪ್ಪಾಗುವುದಿಲ್ಲ, ಕಿವಿಗಳೂ ಎದ್ದು ನಿಲ್ಲುತ್ತವೆ. ಮೀನಿಲ್ಲ, ಮೊಟ್ಟೆಯಿಲ್ಲ, ಅಲ್ಲಿನ ಎಲ್ಲ ಮಕ್ಕಳ ಡಬ್ಬಿಯಲ್ಲೂ ಇರುವಂಥದ್ದು. ನಿಮ್ಮ ಕೂಸಿನ ಡಬ್ಬಿಗೂ ಪಕ್ಕದ ಕೂಸಿನ ಡಬ್ಬಿಗೂ ಒಂದು ಮೊಲ ಸಮಾನವಾಗಿ ಇರಲಿ ಎಂದು ಹೇಳುತ್ತಿದ್ದೇನೆ, ಮಗಳೇ.

ಮಲೆನಾಡ ಮಗಳು (ಟೋಕಿಯೋ) ಮತ್ತೆ ಬರೆದದ್ದು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಂಟೊ ಆರಂಭವಾಗಿ ಎರಡು ವಾರಗಳಾದ್ದರಿಂದ ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯವೆನಿಸಿತು. ಮೊದಲ ದಿನ ರಾಗಿ ಪಡ್ಡಿನ ಒಂದು ಕರಡಿ, ಕಡಲೆಹಿಟ್ಟಿನ ಹೃದಯ, ಬಟಾಣಿ ಮತ್ತು ಮೈಸೂರಿನ ಅಮ್ಮ ಹೇಳಿದ ಸೇಬಿನ ಮೊಲ ಕಳಿಸಿದೆ. ಸಂಜೆ ಡಬ್ಬಿ ತೆಗೆದಾಗ ಕರಡಿಯ ಒಂದು ಕಿವಿ ಮಾತ್ರ ಮೂಲೆಯಲ್ಲಿತ್ತು. ಕೇಳಿದ್ದಕ್ಕೆ, "ಅದು ನಿನಗೆ ತೋರಿಸೋಕೆ ಇಟ್ಟಿದ್ದು" ಎಂದಳು. ಚಿತ್ರಾನ್ನದ ಕೋಳಿಮರಿಯನ್ನು ಕಡಲೆಬೀಜವಿಲ್ಲದೆ ಮಾಡಿದೆ, ಒಂದು ಅಗುಳೂ ಲಂಗದ ಮೇಲೆ ಬೀಳಲಿಲ್ಲ. ನುಚ್ಚಿನುಂಡೆ ಮಾತ್ರ ಎರಡು ಬಾರಿಯೂ ವಾಪಸ್ಸು ಬಂತು. ಸಬ್ಬಸಿಗೆಯ ವಾಸನೆ ಅವಳಿಗೆ ಹಿಡಿಸಿಲ್ಲ.

ಇನ್ನೊಂದು ವಿಚಾರ. ಜುಲೈ 7ರ ತನಾಬತ ಹಬ್ಬಕ್ಕೆ ಎಲ್ಲ ಮಕ್ಕಳೂ ನಕ್ಷತ್ರದ ಬೆಂಟೊ ತರುತ್ತಾರಂತೆ. ಚೀಸನ್ನು ನಕ್ಷತ್ರದ ಅಚ್ಚಿನಲ್ಲಿ ಕತ್ತರಿಸುವುದನ್ನು ಬಿಟ್ಟು ಬೇರೇನಾದರೂ ಹೊಳೆಯುತ್ತದೆಯೇ?

ಪಡ್ಡಿನ ಹೆಂಚು (ನಿಶಿಕಸಾಯಿ) ಉತ್ತರಿಸಿದ್ದು

ನುಚ್ಚಿನುಂಡೆಗೆ ಸಬ್ಬಸಿಗೆಯ ಬದಲು ತುರಿದ ಕ್ಯಾರೆಟ್ ಹಾಕಿ ನೋಡಿ. ನಕ್ಷತ್ರಕ್ಕೆ ಅಚ್ಚು ಬೇಕಿಲ್ಲ, ಬೆಂಡೆಕಾಯಿ ಇದೆ. ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಇಡಿಯಾಗಿ ಎರಡು ನಿಮಿಷ ಬೇಯಿಸಿ, ಆರಿದ ಮೇಲೆ ಅಡ್ಡಡ್ಡವಾಗಿ ಕತ್ತರಿಸಿ, ಲೋಳೆಯನ್ನು ಕಾಗದದಿಂದ ಒತ್ತಿ ತೆಗೆದು ಅನ್ನದ ಮೇಲೆ ಜೋಡಿಸಿ. ಅನ್ನಕ್ಕೆ ಒಣ ಶಂಖಪುಷ್ಪದ ನೀರು ಬೆರೆಸಿದರೆ ರಾತ್ರಿಯ ನೀಲಿ ಆಕಾಶವೂ ಆಗುತ್ತದೆ. ನಿಂಬೆರಸ ಮಾತ್ರ ತಾಗಿಸಬೇಡಿ, ನೀಲಿ ನೇರಳೆಯಾಗಿಬಿಡುತ್ತದೆ.