ರೂಮು ಬಾಡಿಗೆ ಜಾಸ್ತಿ ಅಂತ ಇಡೀ ಬಿಲ್ಲಿಗೇ ಕತ್ತರಿ ಹಾಕಿದ್ದಾರೆ, ಇದು ಸರಿನಾ?

ಕಿರಾಣಿ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆಯಲ್ಲಿ ಒಂದು ಚಿಕ್ಕ ಕಿರಾಣಿ ಅಂಗಡಿ. ಹೋದ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡರು. 68 ವರ್ಷ ಅವರಿಗೆ. ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. 5 ದಿನಕ್ಕೆ 1,80,000 ಬಿಲ್ಲು. 3 ಲಕ್ಷದ ಪಾಲಿಸಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ.

ಜನರಲ್ ವಾರ್ಡಿನಲ್ಲಿ ಬೆಡ್ ಇಲ್ಲ ಅಂದರು, ದಿನಕ್ಕೆ 5,000ದ ರೂಮು ತಗೊಂಡೆವು. ನಮ್ಮ ಪಾಲಿಸಿಯಲ್ಲಿ ರೂಮಿಗೆ ಮಿತಿ 3,000. ಸರಿ, ದಿನಕ್ಕೆ 2,000ದ ಲೆಕ್ಕದಲ್ಲಿ 10,000 ಕೈಯಿಂದ ಹೋಗುತ್ತೆ ಅಂದುಕೊಂಡಿದ್ದೆ. ಡಿಸ್ಚಾರ್ಜ್ ದಿನ ನೋಡಿದರೆ ಕಂಪನಿ ಕೊಟ್ಟದ್ದು 1,08,000 ಮಾತ್ರ! ರೂಮು ಮಿತಿಗಿಂತ ದೊಡ್ಡದು, ಹಾಗಾಗಿ 5,000ಕ್ಕೆ 3,000ದ ಲೆಕ್ಕದಲ್ಲಿ ಇಡೀ ಬಿಲ್ಲಿನಲ್ಲಿ 60 ಪರ್ಸೆಂಟ್ ಮಾತ್ರ ಅಂತ. ಮಾಲು ತರಲು ಇಟ್ಟಿದ್ದ ದುಡ್ಡು ಸಾಲದೆ ಮನೆಯವಳ ಬಳೆ ಅಡ ಇಟ್ಟು 72,000 ಕಟ್ಟಿ ಬಂದೆ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ನಾವೇ ಮಾಡಿಸುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ ಅಂತ ಟಿವಿಯಲ್ಲಿ ಹೇಳಿದ್ದೇ ಹೇಳಿದ್ದು. ಮೊದಲು ಕಂತು 24,000, ಮೇಲೆ 18 ಪರ್ಸೆಂಟ್ ತೆರಿಗೆ, ಒಟ್ಟು 28,320. ಈ ಸಲ ತೆರಿಗೆ ಹೋಯಿತು, ಕಂತೇ 26,200 ಆಗಿದೆ. ಉಳಿದದ್ದು 2,120. ಸುಧಾರಣೆ ಅಂದರೆ ಇದೇನಾ? ಪಾಲಿಸಿ ಬಿಟ್ಟು ಆ ದುಡ್ಡನ್ನ ಬ್ಯಾಂಕಿನಲ್ಲಿ ಇಡೋದು ಒಳ್ಳೇದು ಅನ್ನಿಸ್ತಿದೆ. ನೀವೇನಂತೀರಿ?

ಬಿಲ್ಲಿಂಗ್_ಕೌಂಟರ್:
ಅಣ್ಣ, ಬಿಡುವ ಮಾತು ಆಮೇಲೆ. ಮೊದಲು ಐಟಂವಾರು ಬಿಲ್ಲು ತಗೊಳ್ಳಿ. ನಾನು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ 4 ವರ್ಷ ಕೂತವನು, ಎಲ್ಲಿ ಅಂತ ಕೇಳಬೇಡಿ.

ಮಿತಿ ಮೀರಿದ ರೂಮು ತಗೊಂಡರೆ ಅದೇ ಪ್ರಮಾಣದಲ್ಲಿ ಕತ್ತರಿಸುವ ನಿಯಮ ಇರೋದು ನಿಜ. ಆದರೆ ಎಲ್ಲದಕ್ಕೂ ಅಲ್ಲ. ಔಷಧಿ, ದೇಹದೊಳಗೆ ಹಾಕುವ ರಾಡು, ಪ್ಲೇಟು, ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಇವನ್ನು ಹಾಗೆ ಕತ್ತರಿಸುವಂತಿಲ್ಲ ಅಂತ ವಿಮಾ ಪ್ರಾಧಿಕಾರ, ಅದೇ ಐಆರ್‌ಡಿಎಐ, 2020ರಲ್ಲೇ ಹೇಳಿದೆ. ರಾಡಿನ ಬೆಲೆ ರೂಮು ನೋಡಿಕೊಂಡು ಏರುತ್ತದಾ? ಜನರಲ್ ವಾರ್ಡಿನವರಿಗೂ ಅದೇ ರಾಡು. ಡಾಕ್ಟರ್ ಫೀಸು, ಓಟಿ (ಆಪರೇಷನ್ ಥಿಯೇಟರ್) ಚಾರ್ಜು ರೂಮಿನ ಜೊತೆ ಏರುತ್ತವೆ, ಅದಕ್ಕೆ ಅಲ್ಲಿ ಕತ್ತರಿ. ರೂಮು ಯಾವುದಾದರೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಅದೂ ಇಲ್ಲ.

ನಿಮ್ಮ ಬಿಲ್ಲಿನಲ್ಲಿ ಔಷಧಿ, ರಾಡು, ಪರೀಕ್ಷೆ ಸೇರಿ ಎಷ್ಟು?

ಕಿರಾಣಿ_ದಾವಣಗೆರೆ:
ಅಂದಾಜು 85,000. ರೂಮು 25,000. ಉಳಿದ 70,000 ಡಾಕ್ಟರು, ಓಟಿ, ನರ್ಸಿಂಗ್.

ಬಿಲ್ಲಿಂಗ್_ಕೌಂಟರ್:
ಹಾಗಾದರೆ ನೋಡಿ. 85,000 ಪೂರ್ತಿ, ರೂಮಿಗೆ 15,000, ಆ 70,000ದಲ್ಲಿ 60 ಪರ್ಸೆಂಟ್ ಅಂದರೆ 42,000. ಒಟ್ಟು 1,42,000 ಬರಬೇಕಿತ್ತು. ಗ್ಲೌಸು, ಡಯಾಪರ್ ಅಂತ ಸ್ವಲ್ಪ ತೆಗೆಯುತ್ತಾರೆ, ಆದರೂ 30,000ದ ಮೇಲೆ ನಿಮ್ಮ ದುಡ್ಡು ಅಲ್ಲಿ ಕೂತಿದೆ. ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಹಾಕಿ, ಫೋನಿನಲ್ಲಿ ಜಗಳ ಆಡಿ ಸುಮ್ನೆ ಗಂಟಲು ನೋಯಿಸಿಕೊಳ್ಳಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆ ಆಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ, ಅಂದರೆ ವಿಮೆಯ ದೂರು ಕೇಳುವ ಅಧಿಕಾರಿಗೆ, ಅರ್ಜಿ ಹಾಕಿ. ಫೀಸಿಲ್ಲ, ವಕೀಲರೂ ಬೇಡ.

ದುರ್ಗದ_ಹುಡುಗಿ:
ನಮ್ಮದು ಹೊಳಲ್ಕೆರೆ ಕಡೆ. ಅಣ್ಣ, ನೀವು ಸಹಕಾರ ಸಂಘದ ಸದಸ್ಯರಾ? ಅಪ್ಪ ಹಾಲಿನ ಡೈರಿ ಸದಸ್ಯರು, ಅದರ ಮೇಲೆ ಯಶಸ್ವಿನಿ, ಅದೇ ಸಹಕಾರ ಸಂಘದ ಸದಸ್ಯರಿಗೆ ಇರುವ ಸರ್ಕಾರದ ಆರೋಗ್ಯ ಯೋಜನೆ, ಮಾಡಿಸಿದ್ದೆವು. ನಿಂತೇ ಹೋಗಿದ್ದ ಯೋಜನೆ 2022-23ರಲ್ಲಿ ಮತ್ತೆ ಶುರುವಾಯಿತು. ಹಳ್ಳಿಯ 4 ಜನರ ಕುಟುಂಬಕ್ಕೆ ವರ್ಷಕ್ಕೆ 500 ಕಟ್ಟಿದೆವು, 5 ಲಕ್ಷದವರೆಗೆ ಚಿಕಿತ್ಸೆ. ಅಪ್ಪನ ಹರ್ನಿಯಾ ಆಪರೇಷನ್ ಅದರಲ್ಲೇ ಆಯಿತು. ಜನರಲ್ ವಾರ್ಡೇ, ಫ್ಯಾನು ತಿರುಗುವಾಗ ಕಟಕಟ ಅನ್ನುತ್ತಿತ್ತು, ಪಕ್ಕದ ಬೆಡ್ಡಿನ ಅಜ್ಜನ ಗೊರಕೆ ಬೇರೆ. ಆದರೆ ಬಳೆ ಅಡ ಇಡಲಿಲ್ಲ. ಹೆಸರು ನೋಂದಾಯಿಸಲು ದಿನ ಗೊತ್ತು ಮಾಡಿರುತ್ತಾರೆ, ತಪ್ಪಿದರೆ ಮುಂದಿನ ವರ್ಷವೇ.

ಪಿಬಿ_ರೋಡ್:
ಎಲ್ಲರೂ ವಿಮೆ ವಿಮೆ ಅಂತೀರಿ. ನಾನು ಕೇಳೋದು, ಆ ಬಿಲ್ಲು 1,80,000 ಆದದ್ದು ಹೇಗೆ? ಬೆಣ್ಣೆದೋಸೆ ಹೋಟೆಲ್ಲಿನಲ್ಲಿ ದೋಸೆಗೆ ಎಷ್ಟು, ಖಾಲಿಗೆ ಎಷ್ಟು ಅಂತ ಬೋರ್ಡು ಹಾಕಿರುತ್ತಾರೆ, ನೋಡಿಕೊಂಡೇ ಕೂರುತ್ತೇವೆ. ಆಸ್ಪತ್ರೆಯಲ್ಲಿ ತಿಂದಾದ ಮೇಲೆ ರೇಟು! ಖಾಸಗಿ ಆಸ್ಪತ್ರೆಗಳು ದರ ಪಟ್ಟಿ ಹಾಕಬೇಕು ಅಂತ ನಮ್ಮ ರಾಜ್ಯದ ಕಾನೂನಿನಲ್ಲೇ ಇದೆ. 2017ರಲ್ಲಿ ಸರ್ಕಾರವೇ ದರ ಕಟ್ಟಲು ಹೊರಟಾಗ ಖಾಸಗಿ ಡಾಕ್ಟರುಗಳು ಬಾಗಿಲು ಹಾಕಿ ಕೂತರು, ಓಪಿಡಿ ಬಂದ್. ಕೊನೆಗೆ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ದರ ನಿಗದಿ ಅಂತಾಯಿತು. ನಮ್ಮಂಥವರು ಎಲ್ಲಿಗೂ ಸೇರಲಿಲ್ಲ.

ಎಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸಿಗೋದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬಿಪಿಎಲ್‌ಗೆ 5 ಲಕ್ಷ. ಒಂದು ಅಂಗಡಿ ಇದ್ದಾಕ್ಷಣ ಸಾಹುಕಾರ ಆಗಿಬಿಟ್ಟನಾ?

ಬಿಲ್ಲಿಂಗ್_ಕೌಂಟರ್:
ಪಿಬಿ ರೋಡ್ ಸರ್, ದರದ ವಿಷಯ ಒಪ್ಪುತ್ತೇನೆ. ಆದರೆ ಪಾಲಿಸಿ ಬಿಡಿ ಅಂತ ಯಾರೂ ಹೇಳಬೇಡಿ. ಅಮ್ಮನಿಗೆ ಈ ವಯಸ್ಸಿನಲ್ಲಿ ಹೊಸದು ಮಾಡಿಸಿದರೆ ಬಿಪಿ, ಶುಗರ್ ಇದ್ದರೆ ಅದರ ಖರ್ಚು ಕೊಡಲು 3 ವರ್ಷದವರೆಗೆ ಕಾಯಿಸಬಹುದು. 2024ಕ್ಕೆ ಮುಂಚೆ ಅದು 4 ವರ್ಷ ಇತ್ತು. ಇದ್ದ ಪಾಲಿಸಿಯನ್ನೇ, ನವೀಕರಣಕ್ಕೆ ಮುಂಚೆ, ರೂಮು ಮಿತಿ ಇಲ್ಲದ ಬೇರೆ ಕಂಪನಿಗೆ ಪೋರ್ಟ್ ಮಾಡಿಸಲು, ಅಂದರೆ ವರ್ಗಾಯಿಸಲು, ಆಗುತ್ತಾ ಕೇಳಿ. ಕಾದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಮುರಿದ ಮೂಳೆ ನೋಡಿ ಹೊಸ ಕಂಪನಿ ಬೇಡ ಅನ್ನಲೂಬಹುದು, ಹಾಗಾಗಿ ಒಪ್ಪಿಗೆ ಕೈಗೆ ಬರುವವರೆಗೆ ಹಳೇದನ್ನ ಬಿಡಬೇಡಿ.

ಕಿರಾಣಿ_ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ಯಶಸ್ವಿನಿ ನನಗೆ ಹೊಳೆದೇ ಇರಲಿಲ್ಲ, ನಮ್ಮ ಪತ್ತಿನ ಸಂಘದಲ್ಲಿ ವಿಚಾರಿಸುತ್ತೇನೆ. ಇವತ್ತು ಅಂಗಡಿಗೆ ತಮ್ಮನನ್ನ ಕೂರಿಸಿ ಐಟಂವಾರು ಬಿಲ್ಲು ಕೇಳಲು ಹೋಗಿದ್ದೆ. ಕೌಂಟರಿನಲ್ಲಿ ಹುಡುಗಿ ಮೇಲಿಂದ ಕೆಳಗೆ ನೋಡಿ, ದುಡ್ಡು ಕಟ್ಟಿ ಆಗಿದೆಯಲ್ಲ ಸರ್, ಈಗ ಯಾಕೆ ಅಂದಳು. ಬೇಕು ಅಂದೆ. ಸೋಮವಾರ ಬನ್ನಿ ಅಂದಿದ್ದಾಳೆ.