ಸಹಾಯ ಬೇಕು: ಇಳಕಲ್ ಕಡೆ ಮನೆಗೇ ಬಂದು ನೋಡುವ ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ಇದೆಯಾ?

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಬಹಳ ವರ್ಷ ಇಳಕಲ್ ಸುತ್ತಮುತ್ತ ಗ್ರಾನೈಟ್ ಕ್ವಾರಿಗಳಲ್ಲಿ ದುಡಿದವರು. ಈಗ ಸಿಲಿಕೋಸಿಸ್. ಕಲ್ಲಿನ ಧೂಳಿಗೆ ಕೆಟ್ಟ ಶ್ವಾಸಕೋಶ ಮೊದಲಿನಂತೆ ಆಗಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದ್ದಾರೆ. ಬಚ್ಚಲಿಗೆ ಹೋಗಿ ಬಂದರೆ ಸಾಕು, ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ಕೂತುಬಿಡುತ್ತಾರೆ. ಮಾತೇ ಹೊರಡಲ್ಲ. ಆಗ ಸಣ್ಣ ಫ್ಯಾನ್ ಗಾಳಿ ನೇರ ಮುಖಕ್ಕೆ ಬಿಟ್ಟರೆ ಸ್ವಲ್ಪ ಹಗುರ ಆಗುತ್ತದೆ.

ಬಾಗಲಕೋಟೆ ಅಥವಾ ವಿಜಯಪುರದಿಂದ ಮನೆಗೆ ಬರುವ ಡಾಕ್ಟರು, ನರ್ಸ್ ಯಾರಾದರೂ ಇದ್ದಾರಾ? ಏದುಸಿರಿಗೆ ಕಡಿಮೆ ಡೋಸ್‌ನಲ್ಲಿ ಮಾರ್ಫಿನ್ (ಜೋರು ನೋವಿಗೆ ಕೊಡುವ ಅಫೀಮು ಜಾತಿಯ ಔಷಧಿ) ಕೊಡಬಹುದು, ಆದರೆ ಅನುಭವ ಇರುವವರೇ ನೋಡಿ ಕೊಡಬೇಕು ಅಂದಿದ್ದಾರೆ. ಸಾಮಾನ್ಯ ಮೆಡಿಕಲ್ ಶಾಪಲ್ಲಿ ಅದು ಸಿಗಲ್ಲ. 2014ರಲ್ಲಿ ಮಾದಕ ವಸ್ತುಗಳ ಕಾನೂನು ಸಡಿಲ ಆಗಿದೆ, ಮಾನ್ಯತೆ ಇರುವ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ನಮ್ಮ ಕಡೆ ಎಲ್ಲಿ ಇಟ್ಟಿದ್ದಾರೆ? "ಅದು ಕ್ಯಾನ್ಸರ್‌ನವರಿಗೆ ಮಾತ್ರ" ಅಂತ ನೆಂಟರು ಸುಮ್ನೆ ಹೆದರಿಸುತ್ತಿದ್ದಾರೆ.

ಮನೆಯಲ್ಲಿ ನಿಮಿಷಕ್ಕೆ ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಕರೆಂಟ್ ಮಷಿನ್) ಇದೆ. ಕರೆಂಟ್ ಹೋದರೆ ಸಿಲಿಂಡರ್ ಹಚ್ಚಬೇಕು. ಈ ಮಷಿನ್‌ಗೆ ಇನ್ವರ್ಟರ್ ಹಾಕಿಸಿದವರು ಯಾವ ಬ್ಯಾಟರಿ, ಎಷ್ಟು ಹೊತ್ತು ಬರುತ್ತದೆ ಅಂತ ತಿಳಿಸಿ.

ನನಗೆ ಜಾಸ್ತಿ ಚಿಂತೆ ಅವ್ವಂದು. ಮಷಿನ್ ಸದ್ದು ಚೂರು ಬದಲಾದರೂ ಎದ್ದು ಕೂರುತ್ತಾಳೆ. ಕೇಳಿದರೆ "ನನಗೇನಾಗೇತಿ, ಗಟ್ಟಿಮುಟ್ಟ ಅದೀನಿ" ಅಂತಾಳೆ. ಕಣ್ಣು ನೋಡಿದರೆ ಗೊತ್ತಾಗಲ್ವಾ? ರಾತ್ರಿ ಪಾಳಿಗೆ ನಂಬಿಕಸ್ತರು, ಆಕ್ಸಿಜನ್ ಪೇಷಂಟ್ ನೋಡಿಕೊಂಡು ಗೊತ್ತಿರುವವರು ಬೇಕು. ಸಂಬಳ ಕೊಡುತ್ತೇವೆ.

ನಾಟಿ ಔಷಧಿ ಸಲಹೆ ದಯವಿಟ್ಟು ಬೇಡ. ಇದನ್ನೆಲ್ಲ ಮನೆಯಲ್ಲಿ ನಿಭಾಯಿಸಿದವರು ಇದ್ದರೆ ಮೆಸೇಜ್ ಮಾಡಿ, ನಾನೇ ಫೋನ್ ಮಾಡುತ್ತೇನೆ.