ಪದಚರ್ಚೆ: ಬೆಟ್ಟವನ್ನು ‘ಸಕ್ರಿಯಗೊಳಿಸುವುದು’ ಎನ್ನಬಹುದೇ?

ಮಾನ್ಯರೇ,

ಮೈಸೂರಿನ ನಮ್ಮ ಚಾರಣ ಬಳಗಕ್ಕಾಗಿ ಹವ್ಯಾಸಿ ರೇಡಿಯೋ (‘ಹ್ಯಾಮ್’, ಅಂದರೆ ಪರವಾನಗಿ ಪಡೆದವರು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಪರಸ್ಪರ ಮಾತಾಡುವುದು) ಕುರಿತು ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ‘ಹವ್ಯಾಸಿ’ ಪದದ ಬಗ್ಗೆ ತಕರಾರಿಲ್ಲ. ಹವ್ಯಾಸಿ ನಾಟಕಗಳನ್ನು ನೋಡಿಕೊಂಡು ಬೆಳೆದ ಊರಿಗೆ ಅದನ್ನು ವಿವರಿಸಬೇಕಿಲ್ಲ. ತೊಡಕಿರುವುದು ‘ಸೋಟಾ’ದ (ಸಮಿಟ್ಸ್ ಆನ್ ದಿ ಏರ್) ಪದಗಳಲ್ಲಿ. 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ಚಟುವಟಿಕೆಯಲ್ಲಿ ರೇಡಿಯೋ, ಬ್ಯಾಟರಿ, ಆಂಟೆನಾ ಹೊತ್ತು ಬೆಟ್ಟ ಹತ್ತಬೇಕು. ಕೊನೆಯ ಹಾದಿಗೆ ಮೋಟಾರು ವಾಹನ ಸಲ್ಲದು. ಮೇಲಿನಿಂದ ಕನಿಷ್ಠ 4 ಕೇಂದ್ರಗಳೊಡನೆ ಮಾತಾಡಿದರೆ ಅಂಕ ಸಿಗುತ್ತದೆ. ಹತ್ತಿದವರು ಆಕ್ಟಿವೇಟರ್, ಮನೆಯಲ್ಲೋ ಮತ್ತೆಲ್ಲೋ ಕುಳಿತು ಅವರ ದನಿಯನ್ನು ಹುಡುಕಿ ಹಿಡಿಯುವವರು ಚೇಸರ್.

ಹೀಗೆ ಬೆಟ್ಟದಿಂದ ಮಾತಾಡುವುದನ್ನು ಇಂಗ್ಲಿಷಿನಲ್ಲಿ ‘ಆಕ್ಟಿವೇಟ್’ ಮಾಡುವುದು ಎನ್ನುತ್ತಾರೆ. ಮೊದಲ ಕರಡಿನಲ್ಲಿ ಗೆಳೆಯರೊಬ್ಬರು ಅದನ್ನು ‘ಬೆಟ್ಟವನ್ನು ಸಕ್ರಿಯಗೊಳಿಸುವುದು’ ಎಂದು ಬರೆದುಕೊಟ್ಟರು. ಪತ್ರಿಕೆ ಓದುವ ಕನ್ನಡಿಗರಿಗೆ ಸಕ್ರಿಯವಾಗುವುದು ಒಂದೋ ರಾಜಕಾರಣ, ಇಲ್ಲವೇ ಜ್ವಾಲಾಮುಖಿ. ಕುಂತಿ ಬೆಟ್ಟ ಸಕ್ರಿಯವಾಯಿತೆಂದರೆ ಪಾಂಡವಪುರದವರು ಗಂಟುಮೂಟೆ ಕಟ್ಟಿಯಾರು!

‘ಬೆಟ್ಟದಿಂದ ಪ್ರಸಾರ’ ಎಂಬುದು ಇನ್ನೊಬ್ಬರ ಸಲಹೆ. ಕಿವಿಗೆ ಹಿತ, ಆದರೆ ಅರ್ಥ ತಪ್ಪು. ನಮ್ಮ ಪರವಾನಗಿಯಲ್ಲಿ ಸುದ್ದಿ, ಸಂಗೀತ ಬಿತ್ತರಿಸಲು ಅವಕಾಶವಿಲ್ಲ. ಈ ಗೊಂದಲ ಮೈಸೂರಿನಲ್ಲಿ ಸಹಜವೇ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಕೇಂದ್ರ ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದ. ಆದರೆ ಆಕಾಶವಾಣಿಗೆ ಯಾರೂ ಮರುಮಾತು ಆಡುವುದಿಲ್ಲ. ಹ್ಯಾಮ್‌ನಲ್ಲಿ ಮರುಮಾತೇ ಮುಖ್ಯ. ಬೆಟ್ಟದ ಮೇಲಿದ್ದವರು ‘ಸಿಕ್ಯು, ಸಿಕ್ಯು’ (ಯಾರಾದರೂ ಉತ್ತರಿಸಿ ಎಂಬ ಕರೆ) ಎಂದು ಕೂಗಿ, ವಿಯು2 ಅಥವಾ ವಿಯು3ರಿಂದ ಶುರುವಾಗುವ ತಮ್ಮ ಕರೆಸಂಕೇತ (ಪರವಾನಗಿಯೊಡನೆ ಸಿಗುವ ಗುರುತು) ಹೇಳುತ್ತಾರೆ. ಕೇಳಿಸಿಕೊಂಡವರು ತಮ್ಮ ಸಂಕೇತ ಹೇಳಿ ಉತ್ತರಿಸುತ್ತಾರೆ. ದನಿ ಎಷ್ಟು ಸ್ಪಷ್ಟ, ಎಷ್ಟು ಗಟ್ಟಿ ಎಂದು ‘59’, ‘43’ ಎಂಬಂಥ ಅಂಕಿಗಳಲ್ಲಿ ಪರಸ್ಪರ ತಿಳಿಸಿ, ಹೊತ್ತು ಸಮೇತ ಲಾಗ್ ಪುಸ್ತಕದಲ್ಲಿ ಬರೆದುಕೊಂಡರೆ ಒಂದು ಸಂಪರ್ಕ ಮುಗಿಯಿತು.

ಇದಕ್ಕೆ ನಮ್ಮಲ್ಲಿ ಹಳೆಯ ಮಾತೇ ಇದೆಯಲ್ಲ: ಕರೆಯುವುದು, ಓಗೊಡುವುದು. ಚೇಸರ್ ಎಂಬುದನ್ನು ‘ಬೆನ್ನಟ್ಟುವವರು’ ಎಂದರೆ ಕಳ್ಳ–ಪೊಲೀಸ್ ಆಟವಾಗುತ್ತದೆ. ‘ಓಗೊಡುವವರು’ ಎಂದರೆ ಅವರು ಮಾಡುವ ಕೆಲಸವನ್ನೇ ಹೇಳಿದಂತಾಗುತ್ತದೆ. ಆಕ್ಟಿವೇಟರ್‌ಗೆ ‘ಬೆಟ್ಟದ ಕರೆಗಾರರು’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ‘ಕರೆಗಾರ’ ಎಂದಾಗ ಮದುವೆಗೆ ಕರೆಯಲು ಬಂದವರ ನೆನಪಾಗುತ್ತದೆಂದು ಮನೆಯಲ್ಲಿ ಆಕ್ಷೇಪವಿದೆ.

ಇನ್ನೊಂದು ತೊಡಕು ಜಾಗದ್ದು. ನಿಯಮದ ಪ್ರಕಾರ ತುತ್ತತುದಿಯ ಬಂಡೆಯ ಮೇಲೇ ಕೂರಬೇಕೆಂದಿಲ್ಲ. ತುದಿಯಿಂದ 25 ಮೀಟರ್ ಎತ್ತರದಷ್ಟು ಕೆಳಗಿನವರೆಗೆ ಎಲ್ಲಿ ಕೂತರೂ ನಡೆಯುತ್ತದೆ, ನಡುವೆ ಇಳಿದು ಹತ್ತುವ ತಗ್ಗು ಇರಬಾರದು ಅಷ್ಟೆ. ಇದು ದೊಡ್ಡ ಅನುಕೂಲ. 7 ಮೆಗಾಹರ್ಟ್ಸ್‌ಗೆ ಆಂಟೆನಾ ಕಟ್ಟಲು ಸುಮಾರು 20 ಮೀಟರ್ ತಂತಿ ಬೇಕು. ನಡುವಿನಲ್ಲಿ ಗಾಳದ ಕೋಲಿನಂಥ ಕಂಬ ನಿಲ್ಲಿಸಿ ತಂತಿಯ ಎರಡು ತುದಿಗಳನ್ನು ಇಳಿಜಾರಾಗಿ ಎಳೆದು ಕಟ್ಟಲು ತುದಿಬಂಡೆಯಲ್ಲಿ ಎಡೆಯೆಲ್ಲಿದೆ? ಈ ಪಟ್ಟಿಯಷ್ಟು ಜಾಗವನ್ನು ‘ಶಿಖರ’ ಎನ್ನಲು ಮನಸ್ಸು ಒಪ್ಪದು. ಮೇಲುಕೋಟೆಯಲ್ಲಿ ಶಿಖರವೆಂದರೆ ಗುಡಿಯ ಶಿಖರ; ‘ಶಿಖರದಲ್ಲಿ ಆಂಟೆನಾ ಕಟ್ಟಿದೆವು’ ಎಂದು ಬರೆದರೆ ಜನ ಜಗಳಕ್ಕೆ ಬಂದಾರು. ‘ತುದಿ’ ಒಂದು ಚುಕ್ಕೆಯಷ್ಟೇ. ‘ನೆತ್ತಿ’ ಒಗ್ಗುತ್ತದೆ: ಅದಕ್ಕೆ ಸ್ವಲ್ಪ ಹರವೂ ಇದೆ, ಬೆಟ್ಟದ ನೆತ್ತಿ ಎನ್ನುವ ರೂಢಿಯೂ ಇದೆ.

ನಾಗಮಂಗಲ, ಪಾಂಡವಪುರ ಕಡೆಯವರು ದಯವಿಟ್ಟು ತಿಳಿಸಿ: ಕುರಿ ಕಾಯುವವರು, ಸೌದೆಗೆ ಹೋಗುವವರು ಬೆಟ್ಟದ ಮೇಲ್ಭಾಗದ ಈ ಹರವಿಗೆ ನೆತ್ತಿ ಎನ್ನುತ್ತಾರೆಯೇ, ಬೇರೆ ಹೆಸರಿದೆಯೇ? ಹಾಗೆಯೇ ‘ಓಗೊಡುವವರು’ ಎಂಬುದಕ್ಕೆ ಮೈಕಿನಲ್ಲಿ ಥಟ್ಟನೆ ಹೇಳಬಹುದಾದ ಗಿಡ್ಡ ರೂಪ ಯಾರಿಗಾದರೂ ಹೊಳೆದರೆ ಬರೆಯಿರಿ. ‘ಓಗೊಡುಗ’ ಬೇಡ, ಅದನ್ನು ಈಗಾಗಲೇ ಮೂವರು ಸೂಚಿಸಿದ್ದಾರೆ, ಒಬ್ಬರೂ ಬಾಯಿಬಿಟ್ಟು ಬಳಸುತ್ತಿಲ್ಲ.